ಬೆಳೆಯಲು ಬಿಟ್ಟ ಬಟ್ಟೆ

ಮಾರ್ಚ್ ೧೧, ಮಂಗಳವಾರ

ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಸಮಾಧಾನವಾಗಿದೆ. ಸ್ಕ್ಯಾನ್ ನೋಡಿದ ಡಾಕ್ಟರು, "ಮೇದೋಜೀರಕ ಗ್ರಂಥಿಯ ಸಿಸ್ಟ್, ಅದೇ ಆ ನೀರುಗುಳ್ಳೆ, ಸ್ವಲ್ಪ ಬೆಳೆದಿದೆಯಮ್ಮಾ. ಕ್ಯಾನ್ಸರ್ ಲಕ್ಷಣ ಕಾಣ್ತಿಲ್ಲ. ಈಗ್ಲೇ ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ಮತ್ತೆ ಅಳೆಯೋಣ" ಅಂದರು. ನಮ್ಮ ಯಜಮಾನರು ಆಸ್ಪತ್ರೆಯ ಮೆಟ್ಟಿಲಲ್ಲೇ "ಬದುಕಿದ್ವಿ ಕಣೇ" ಎಂದು ನಕ್ಕರು. ಹೊಟ್ಟೆ ಅವರದಲ್ಲವಲ್ಲ! ಅಷ್ಟು ದಿನ ಅದು ಒಳಗೆ ಏನು ಮಾಡುತ್ತಿರುತ್ತದೋ ಯಾರಿಗೆ ಗೊತ್ತು?

ಮಧ್ಯಾಹ್ನ ಟೈಲರಿಂಗ್ ಅಂಗಡಿ ತೆರೆದೆ. ಒಬ್ಬ ತಾಯಿ ಮಗಳ ಯೂನಿಫಾರ್ಮಿಗೆ ಅಳತೆ ಕೊಡಿಸಲು ಬಂದಳು. "ಅಕ್ಕಾ, ಒಳಗೆ ಜಾಸ್ತಿ ಬಟ್ಟೆ ಬಿಡಿ. ಆರು ತಿಂಗಳಲ್ಲಿ ಬೆಳೆದುಬಿಡ್ತಾಳೆ" ಅಂದಳು. ಹೇಳಬೇಕಿರಲಿಲ್ಲ. ಮಕ್ಕಳ ಬಟ್ಟೆಗೆ ಎರಡು ಬೆರಳಷ್ಟು ಒಳಗೆ ಬಿಡುವುದು ನನ್ನ ಕೈಗೇ ಗೊತ್ತು.

ಸಂಜೆ ಹೊಲಿದು ಮುಗಿಸಿದೆ. ಒಳಗೆ ಬಿಟ್ಟ ಆ ಬಟ್ಟೆಯನ್ನು ನೋಡುತ್ತಿದ್ದಂತೆ ಮೈಯೆಲ್ಲ ಉರಿಯಿತು. ಕತ್ತರಿ ತೆಗೆದುಕೊಂಡು ಹೊಲಿಗೆಯ ಪಕ್ಕಕ್ಕೇ ಸುತ್ತಲೂ ನೀಟಾಗಿ ಕತ್ತರಿಸಿ ಹಾಕಿದೆ. ಒಂದು ಗಳಿಗೆ ಎಷ್ಟು ಹಗುರವೆನಿಸಿತು!

ಆ ಪಟ್ಟಿಗಳು ಮೇಜಿನ ಮೇಲೆ ಬಿದ್ದಿವೆ. ಮತ್ತೆ ಸೇರಿಸಲು ಬರುವುದಿಲ್ಲ. ಆ ಹುಡುಗಿ ಬೆಳೆಯಬೇಕು, ಪಾಪ, ಬೆಳೆಯಲಿ. ನಾಳೆ ಅವಳಮ್ಮ ಬಂದರೆ ಏನು ಹೇಳಲಿ? ನನ್ನೊಳಗೆ ಬೆಳೆಯುತ್ತಿರುವುದಕ್ಕೆ ಕತ್ತರಿ ಎಟುಕಲಿಲ್ಲ ತಾಯಿ, ಅದಕ್ಕೇ ನಿಮ್ಮ ಮಗಳ...