ಕೂತು ಹೇಳುವ ಮಾತು

ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಕನ್ನಡಕ ಹುಡುಕುವ ನೆಪ ಮಾಡಿಕೊಂಡು ಎದ್ದುಹೋಗುತ್ತಿದ್ದೆ, ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ಯಾವಾಗಲೂ ನಡೆಯುತ್ತಲೇ ಇರುತ್ತೀಯ. ವಾರ್ಡಿನಿಂದ ವಾರ್ಡಿಗೆ ನಿನ್ನ ಚಪ್ಪಲಿಯ ಸದ್ದು ನನಗೆ ಕೇಳಿಸುತ್ತದೆ. ಈ ಕಾಗದವನ್ನು ಮಾತ್ರ ಕೂತು ಓದು. ಕೂತೆಯಾ? ಸರಿ.

ನನ್ನ ಕೆಲಸವೆಂದರೆ ನಿನಗೆ ನಗು. "ಡಾಕ್ಟರ್ ಮಗಳಿಗೆ ಸುಳ್ಳು ರೋಗಿ ಅಮ್ಮ" ಎಂದು ಸ್ನೇಹಿತೆಯರನ್ನೆಲ್ಲ ನಗಿಸುತ್ತೀಯಂತೆ. ನಗಿಸು, ತಪ್ಪೇನಿಲ್ಲ. ವಾರಕ್ಕೆ ಎರಡು ದಿನ ವೈದ್ಯಕೀಯ ಕಾಲೇಜಿನ ಮೂರನೇ ಮಹಡಿಗೆ ಹೋಗಿ, ಚೀಟಿಯಲ್ಲಿ ಬರೆದ ಕಾಯಿಲೆಯನ್ನು ಮೈಮೇಲೆ ಹಾಕಿಕೊಂಡು ಕೂರುತ್ತೇನೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ನನಗೆ ಕೆಟ್ಟ ಸುದ್ದಿ ಹೇಳಿ ಅಭ್ಯಾಸ ಮಾಡುತ್ತಾರೆ. ಒಂಬತ್ತು ವರ್ಷದಲ್ಲಿ ನನಗೆ ಬಾರದ ರೋಗವಿಲ್ಲ. ಗಂಡ, ಮಗ, ಅಣ್ಣ ಎಲ್ಲರನ್ನೂ ಆ ಕೋಣೆಯಲ್ಲಿ ಹತ್ತಾರು ಸಲ ಕಳೆದುಕೊಂಡಿದ್ದೇನೆ. ಕೊನೆಗೆ ನಾನು ಅಂಕ ಹಾಕಬೇಕು. ಕೂತು ಹೇಳಿದರೋ ನಿಂತೇ ಹೇಳಿದರೋ, ನನಗೆಷ್ಟು ಗೊತ್ತಿದೆ ಎಂದು ಮೊದಲು ಕೇಳಿದರೋ ಇಲ್ಲವೋ, ಹೇಳಿದ ಮೇಲೆ ಸ್ವಲ್ಪ ಸುಮ್ಮನಿದ್ದರೋ ಇಲ್ಲವೋ.

ಆ ಕೋಣೆ ನಡೆಸುವ ಪ್ರಾಧ್ಯಾಪಕಿಯನ್ನು ನಾವೆಲ್ಲ ಗಡಿಯಾರದ ಮೇಡಂ ಎನ್ನುತ್ತೇವೆ. ರೋಗಿ ಮಾತು ಶುರು ಮಾಡಿದ ಎಷ್ಟನೇ ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಾರೆ ಎಂದು ಗಾಜಿನಾಚೆ ಕೂತು ಅಳೆಯುವುದು ಅವರ ಸಂಶೋಧನೆ. ನಾನು ಸೇರಿದ ಮೊದಲ ವರ್ಷ ಬಂದ ಒಬ್ಬ ವಿದ್ಯಾರ್ಥಿಯದು ನಾಲ್ಕೇ ಸೆಕೆಂಡು. ಅವನಿಗೆ ರೈಲು ಎಂದು ಹೆಸರಿಟ್ಟೆವು, ಯಾವ ನಿಲ್ದಾಣದಲ್ಲೂ ನಿಲ್ಲುತ್ತಿರಲಿಲ್ಲವಲ್ಲ! ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನನ್ನ ಗಂಡನನ್ನು ಸಾಯಿಸಿ ಹೊರಟ. ಎರಡು ಸಲ ಫೇಲು ಮಾಡಿದೆ. ಎರಡನೇ ಸಲ ಅವನಿಗೆ ಸಿಟ್ಟು ಬಂತು.

"ನಾನು ಹೇಳಿದ್ರಲ್ಲಿ ಒಂದಾದ್ರೂ ತಪ್ಪಿತ್ತಾ ಅಮ್ಮಾ?" ಎಂದ.

"ಇಲ್ಲಪ್ಪ, ಎಲ್ಲಾ ಸರಿಯಾಗೇ ಹೇಳ್ದೆ. ಯಾರಿಗೆ ಹೇಳ್ತಿದೀನಿ ಅಂತ ಮಾತ್ರ ನೋಡ್ಲಿಲ್ಲ" ಎಂದೆ. ಮುಖ ಗಂಟಿಕ್ಕಿಕೊಂಡು ಹೋದವನನ್ನು ಆಮೇಲೆ ನಾನು ಕಂಡಿರಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಪುಟ್ಟಿ, ಇದು ಒಳ್ಳೆಯ ಸುದ್ದಿಯಲ್ಲ. ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಪರೀಕ್ಷೆ ಮಾಡಿಸಿದೆ. ಕ್ಯಾನ್ಸರ್. ಚಿಕ್ಕದಿದೆ, ಬೇಗ ಸಿಕ್ಕಿದೆ. ಬರುವ ತಿಂಗಳ ಆರಕ್ಕೆ ಆಪರೇಷನ್.

ಇಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ, ಕಾಗದ ದಂಡ ಮಾಡಿದೆ ಎಂದುಕೊಳ್ಳಬೇಡ. ಹೇಳಿದ ಮೇಲೆ ಸುಮ್ಮನಿರಬೇಕು ಎನ್ನುವುದು ನಮ್ಮ ಕೋಣೆಯ ನಿಯಮ.

ವರದಿ ತೋರಿಸಲು ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯೊಳಗೆ ಹೋದರೆ ಎದುರಿಗೆ ಯಾರು ಅಂತೀಯ? ರೈಲು! ನನ್ನನ್ನು ಕಂಡು ಎದ್ದು ನಿಂತ. ಮೇಜಿನ ಹಿಂದಿದ್ದ ತನ್ನ ಕುರ್ಚಿಯನ್ನು ಎಳೆದು ತಂದು ನನ್ನ ಪಕ್ಕ ಹಾಕಿಕೊಂಡು ಕೂತ. ಫೋನನ್ನು ಡ್ರಾಯರಿನೊಳಗಿಟ್ಟ. "ಇಲ್ಲೀವರೆಗೆ ನಿಮಗೇನು ಗೊತ್ತಾಗಿದೆ, ಹೇಳಿ ಅಮ್ಮಾ" ಎಂದ. ನಾನು ಗಂಟಿನಿಂದ ಶುರು ಮಾಡಿ ಮೊಣಕಾಲು ನೋವಿನವರೆಗೆ ಹೋದೆ. ಒಮ್ಮೆಯೂ ಬಾಯಿ ಹಾಕಲಿಲ್ಲ. ಆಮೇಲೆ ವಿಷಯ ಹೇಳಿದ, ಹೇಳಿ ಸುಮ್ಮನಾದ.

ಈಗ ನನ್ನ ಹುಚ್ಚು ಕೇಳು. ಒಂಬತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಅವನು ಹೇಳುತ್ತಿದ್ದಷ್ಟು ಹೊತ್ತೂ ನಾನು ಮನಸ್ಸಿನಲ್ಲಿ ಅಂಕ ಹಾಕುತ್ತಿದ್ದೆ. ಮುಗಿದ ಕೂಡಲೇ ಚೀಲ ಎತ್ತಿಕೊಂಡು, "ತುಂಬಾ ಚೆನ್ನಾಗಿ ಮಾಡ್ದೆ ಕಣಪ್ಪ, ಹತ್ತಕ್ಕೆ ಒಂಬತ್ತು. ಮುಂದಿನವರನ್ನ ಕಳ್ಸು" ಎಂದು ಎದ್ದೇಬಿಟ್ಟೆ.

ಅವನು ನಗಲಿಲ್ಲ. ಚೀಲವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, "ಅಮ್ಮಾ, ಇವತ್ತು ಚೀಟಿ ಇಲ್ಲ. ಇದು ನಿಮ್ದೇ" ಎಂದ.

ಆಗ ಗೊತ್ತಾಯಿತು ನೋಡು. ಮತ್ತೆ ಕುರ್ಚಿಯಲ್ಲಿ ಕೂತೆ. ಬೇಕೆಂದಾಗ ಕಣ್ಣೀರು ತರಿಸಿಕೊಳ್ಳುತ್ತಿದ್ದವಳಿಗೆ ಆವತ್ತು ನಿಲ್ಲಿಸುವುದು ಆಗಲಿಲ್ಲ. ನರ್ಸಮ್ಮ ಎರಡು ಸಲ ಇಣುಕಿದರು, ಇವನು ಕೈಸನ್ನೆ ಮಾಡಿ ಕಳಿಸಿದ. "ಹೊರಗೆ ಜನ ಕಾಯ್ತಿದಾರೆ, ನೋಡಪ್ಪ" ಎಂದೆ. "ಅವರ ಸರದಿ ಬಂದಾಗ ಅವರ ಹತ್ರಾನೂ ಹೀಗೇ ಕೂತ್ಕೋತೀನಿ. ಈಗ ನಿಮ್ಮ ಸರದಿ" ಎಂದ. ಹೊರಡುವಾಗ, ಒಂದು ಅಂಕ ಕಳೆದದ್ದೇಕೆ ಎಂದು ಕೇಳಿದ. "ಪೂರ್ತಿ ಕೊಟ್ರೆ ಕೊಬ್ಬು ಬರುತ್ತೆ" ಎಂದೆ. ಇಬ್ಬರೂ ನಕ್ಕೆವು.

ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಭಯವಿದೆ. ಆದರೂ ಆವತ್ತಿನಿಂದ ಮನಸ್ಸು ತುಂಬಿಕೊಂಡಿದೆ. ಬಿತ್ತಿದಂತೆ ಬೆಳೆ ಎನ್ನುತ್ತಾರೆ. ನಾನು ಬಿತ್ತಿದ್ದು ಒಂದು ಹಿಡಿ, ಮನೆಗೆ ಬಂದದ್ದು ಒಂದು ಕಣಜ. ಆ ಕೋಣೆಯ ಋಣ, ಆ ಮೇಡಂ ಋಣ, ಸಿಟ್ಟು ಮಾಡಿಕೊಂಡೂ ಕಲಿತ ಆ ರೈಲಿನ ಋಣ ನನ್ನ ಮೇಲಿದೆ.

ನೀನು ಬಾ. ಆದರೆ ಡಾಕ್ಟರಾಗಿ ಬರಬೇಡ, ಡಾಕ್ಟರ್ ನನಗೆ ಸಿಕ್ಕಿದ್ದಾನೆ. ಮಗಳಾಗಿ ಬಾ. ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕೈಗುಣ ಹೆಚ್ಚಲಿ, ನಿನ್ನ ಕೈ ಮುಟ್ಟಿದವರೆಲ್ಲ ಎದ್ದು ಮನೆಗೆ ನಡೆದುಹೋಗಲಿ.

ಇಂತಿ ನಿನ್ನ
ಅಮ್ಮ

ಕಾಗದ ಮಡಿಸುವ ಮೊದಲು ಇನ್ನೊಂದು ಮಾತು: ಈ ಕೆಲಸಕ್ಕೆ ಯಾಕೆ ಸೇರಿದೆ ಎಂದು ನೀನು ಕೇಳಿದಾಗಲೆಲ್ಲ ಹೊತ್ತು ಹೋಗಲು ಎನ್ನುತ್ತಿದ್ದೆ. ಸುಳ್ಳು. ಅಪ್ಪ ಹೋದ ದಿನ ನಿಮ್ಮ ಆಸ್ಪತ್ರೆಯ ವರಾಂಡದಲ್ಲಿ ಅದನ್ನು ನನಗೆ ಹೇಳಿದವಳು ನೀನು. ಬಿಳಿ ಕೋಟಿನಲ್ಲಿ, ನಿಂತುಕೊಂಡೇ, ಕೈಯಲ್ಲಿ ಫೈಲು ಹಿಡಿದು, "ಹತ್ತೂ ನಲವತ್ತಕ್ಕೆ ಪೇಷಂಟ್ ಹೋದ್ರು" ಎಂದೆ ನೀನು. ಅಪ್ಪ ಎನ್ನಲಿಲ್ಲ. ಹೇಳಿ ಹೊರಟುಹೋದೆ. ಹತ್ತು ವರ್ಷ ಆ ಮಾತು ಗಂಟಲಲ್ಲಿ ಮುಳ್ಳಾಗಿತ್ತು. ರೈಲನ್ನು ಫೇಲು ಮಾಡಿದಾಗ ನಾನು ಫೇಲು ಮಾಡಿದ್ದು ನಿನ್ನನ್ನೇ. ಅವನ ಕೋಣೆಯಲ್ಲಿ ಅತ್ತು ಮುಗಿದ ಮೇಲೆ ಹೊಳೆಯಿತು: ನನಗೆ ಹೇಳಿದವಳು ನೀನು, ನಿನಗೆ ಹೇಳಿದವರು ಯಾರು? ಡ್ಯೂಟಿಯಲ್ಲಿದ್ದವಳು ನೀನೊಬ್ಬಳೇ. ಇಪ್ಪತ್ತಾರು ವರ್ಷದ ಮಗಳು ಅಪ್ಪನ ನಾಡಿಯನ್ನು ತಾನೇ ಹಿಡಿದು ನೋಡಿ, ತಾನೇ ಫೈಲಿನಲ್ಲಿ ಸಮಯ ಬರೆದಿದ್ದಳು. ನಿನಗೆ ಯಾರೂ ಕುರ್ಚಿ ಎಳೆದು ಕೊಡಲಿಲ್ಲ. ನಾನೂ ಕೊಡಲಿಲ್ಲ, ಕ್ಷಮಿಸು. ಅಡುಗೆಮನೆಯ ಮೇಜಿನ ಹತ್ತಿರ ಎರಡು ಕುರ್ಚಿ ಹಾಕಿಟ್ಟಿದ್ದೇನೆ. ಬಂದು ಕೂತುಕೊಂಡು, ಆವತ್ತು ನಿನಗೇನಾಯಿತು ಎಂದು ಹೇಳು. ಎಷ್ಟು ಹೊತ್ತಾದರೂ ನಾನು ಬಾಯಿ ಹಾಕುವುದಿಲ್ಲ.