ನಡುವಿನ ಅಕ್ಷರ

ಏಪ್ರಿಲ್ 9, ಮಂಗಳವಾರ

ಮಂಗಳವಾರದ ಪೇಟೆ ಸವಾರಿಗೆ ವ್ಯಾನು ಅರ್ಧ ಖಾಲಿ. ಲವೀನಾ ಮುಂದೆ, ಫ್ಯಾನಿ ಹಿಂದೆ, ಅಷ್ಟೇ. ಫ್ಯಾನಿಗೆ ಎಂದಿನಂತೆ ಮರದ ಸ್ಟೂಲು ಇಟ್ಟು ಹತ್ತಿಸಿದೆ — ಮೂವತ್ತರ ಆಸುಪಾಸಿನವಳು, ಆದರೂ ಎಡಗಾಲು ಸರಿಯಾಗಿ ಮಡಿಸಲು ಬರುವುದಿಲ್ಲ. ಪ್ರತಿ ವಾರ ನನ್ನ ಜೊತೆ ಬರುತ್ತಿದ್ದ ಎಡ್ನಾ ಮತ್ತು ಅವಳ ನಾದಿನಿಯರು ಹೊಸಬನ ವ್ಯಾನಿನಲ್ಲಿ ಹೋದರಂತೆ.

ಹೊಸಬ ಎಂದರೆ ಮರ್ವಿನ್ ಗಿಂಗರಿಕ್. ಇಲ್ಲೇ ಹುಟ್ಟಿದ ಆಮಿಶ್ ಹುಡುಗ. ದೀಕ್ಷೆಗೆ ಮೊದಲೇ ಪಂಗಡ ಬಿಟ್ಟು ಹೋಗಿದ್ದ, ಈಗ ವ್ಯಾನು ಸಮೇತ ವಾಪಸು ಬಂದಿದ್ದಾನೆ. ತಾಯಿ ಟ್ರಾಯರ್ ಮನೆಯವಳು, ಹಾಗಾಗಿ ಮರ್ವಿನ್ ಟಿ. ಇಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಜನ. ತಾಯಿಯ ತವರಿನ ಮೊದಲಕ್ಷರ ನಡುವೆ ಸೇರಿಸದಿದ್ದರೆ ಯಾರ ಕುದುರೆ ಯಾರ ಕೊಟ್ಟಿಗೆಗೋ ಹೋಗುತ್ತದೆ.

ಆಮಿಶರದು ಹಳೇ ಕಾಲದ ಹಾಗೆ ಕುದುರೆಗಾಡಿಯಲ್ಲೇ ಓಡಾಡುವ ಕ್ರೈಸ್ತ ಪಂಗಡ; ದೀಕ್ಷೆ ಪಡೆದ ಮೇಲೆ ಇವರು ಕಾರು ಇಟ್ಟುಕೊಳ್ಳುವಂತಿಲ್ಲ. ಬೇರೆಯವರ ಕಾರಿನಲ್ಲಿ ಕೂರಬಹುದು. ಹನ್ನೊಂದು ವರ್ಷದಿಂದ ಆ ಬೇರೆಯವಳು ನಾನು.

"ಅವನ ಹತ್ರ ನಮ್ಮ ಭಾಷೇಲೇ ಮಾತಾಡಬಹುದು, ಅದಕ್ಕೇ ಹೋಗಿರ್ತಾರೆ. ಬೇಜಾರು ಮಾಡ್ಕೋಬೇಡ ಗ್ಲೆಂಡಾ," ಎಂದಳು ಲವೀನಾ.

"ನಂಗ್ಯಾಕೆ ಬೇಜಾರು?"

"ಹಂಗಾದ್ರೆ ಬ್ರೇಕ್ ಯಾಕೆ ಹಂಗೆ ತುಳೀತೀಯ? ತೊಡೆ ಮೇಲಿರೋ ಮೊಟ್ಟೆ ಎಲ್ಲಾ ಇಲ್ಲೇ ಆಮ್ಲೆಟ್ ಆಗುತ್ತೆ."

ನಕ್ಕೆ. ಮನೆಗೆ ಬಂದು ನಗು ಬರಲಿಲ್ಲ. ನನ್ನ ಗಂಡ ಡಾನ್ ಹೋದ ಮೇಲೆ ಈ ವ್ಯಾನಿನ ಹರಟೆ ಬಿಟ್ಟರೆ ನನ್ನ ಜೊತೆ ಮಾತಾಡುವುದು ಬೆಕ್ಕು ಮತ್ತು ರೇಡಿಯೋ.

ಏಪ್ರಿಲ್ 12

ಇಪ್ಪತ್ತು ವರ್ಷ ಹೊರಗಿದ್ದವನು ಈಗ ಯಾಕೆ ಬಂದ? ಏನೋ ಇರಲೇಬೇಕು. ಕೌಂಟಿ ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿದೆ. ಏನೂ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ — ಹಳೆಯ ಮೊಕದ್ದಮೆಗಳಿಗೆ ಕಚೇರಿಗೆ ಬಂದು ವಿಚಾರಿಸುವುದು.

ಮಕ್ಕಳು ಮರಿ ಕೂರುವ ವ್ಯಾನು. ತಿಳಿದುಕೊಳ್ಳುವುದು ಒಳ್ಳೆಯದೇ... ಇದನ್ನು ಜೋರಾಗಿ ಹೇಳಿಕೊಂಡೆ. ಬೆಕ್ಕು ಎದ್ದು ಹೋಯಿತು.

ಏಪ್ರಿಲ್ 15, ಸೋಮವಾರ

ಮೊದಲು ಷೆರಿಫ್ ಕಚೇರಿ. "ನಮ್ಮ ಹತ್ರ ಹಿಡಿದು ತಂದಿದ್ದು ಮಾತ್ರ ಇರುತ್ತೆ. ಆಮೇಲೆ ಏನಾಯ್ತು ಅನ್ನೋದು ಬೇಕಾದ್ರೆ ಎದುರುಗಡೆ, ಕೋರ್ಟ್ ಕ್ಲರ್ಕು," ಎಂದು ಕಳಿಸಿದರು. ಎದುರುಗಡೆ ಕೌಂಟರಿನಲ್ಲಿ ರೋಂಡಾ. ನನ್ನ ಬೆಕ್ಕು ಹುಟ್ಟಿದ್ದು ಅವಳ ಮನೆಯಲ್ಲಿ. ಕಪ್ಪು ಕನ್ನಡಕ ಹಾಕಿಕೊಂಡು ಹೋಗಿದ್ದೆ.

"ಏನು ಗ್ಲೆಂಡಾ, ಕಣ್ಣು ಬಂದಿದ್ಯಾ?"

ಕನ್ನಡಕ ತೆಗೆದೆ. ಯಾಕೆ ಬೇಕು ಎಂದು ಅವಳು ಕೇಳಲಿಲ್ಲ. ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು, ಕಾರಣ ಕೇಳುವ ಹಾಗಿಲ್ಲವಂತೆ. ಕೇಳಿದ್ದರೆ ಬಹುಶಃ ವಾಪಸು ಬರುತ್ತಿದ್ದೆ.

"ಹುಟ್ಟಿದ ತಾರೀಖು?"

"ಗೊತ್ತಿಲ್ಲ."

"ನಡುವಿನ ಅಕ್ಷರ? ಅದಿಲ್ದೆ ಗಿಂಗರಿಕ್ ಅಂದ್ರೆ ಅರ್ಧ ಕೌಂಟಿ ಎದ್ದು ಬರುತ್ತೆ."

"ಟಿ. ಆದ್ರೂ ಇರೋದನ್ನ ಎಲ್ಲಾ ತೋರಿಸು."

ಮೈಕ್ರೋಫಿಲ್ಮ್ ಸುರುಳಿ. ತಿರುಗಿಸಿ ತಿರುಗಿಸಿ ತಲೆ ಸುತ್ತಿತು. ಸಿಕ್ಕಿತು. 1999. ಮರ್ವಿನ್ ಬಿ. ಗಿಂಗರಿಕ್. ಕುಡಿದು ಕಾರು ಓಡಿಸಿ ಕುದುರೆಗಾಡಿಗೆ ಗುದ್ದಿದ್ದು. ಕುದುರೆ ಸತ್ತಿತು, ಗಾಡಿಯಲ್ಲಿದ್ದ ಮಗುವಿಗೆ ಗಾಯ. ತಪ್ಪೊಪ್ಪಿಗೆ. ಆರು ತಿಂಗಳು ಜೈಲು.

ಬಿ.

ಕಂಡಿತು. ಕಾಣಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳು. ಟೈಪ್ ಮಾಡಿದವರು ಟಿ ಬದಲು ಬಿ ಹೊಡೆದಿರಬೇಕು ಎಂದುಕೊಂಡೆ. ಇನ್ನೂ ಎರಡು ಪುಟ ಇತ್ತು. ಬೇಕಾದದ್ದು ಸಿಕ್ಕಿತ್ತಲ್ಲ, ಸುರುಳಿ ವಾಪಸು ಕೊಟ್ಟೆ.

ಏಪ್ರಿಲ್ 16, ಮಂಗಳವಾರ

ಹೇಳಿಬಿಟ್ಟೆ. ಸೇತುವೆ ದಾಟುವವರೆಗೆ ತಡೆದುಕೊಂಡಿದ್ದೇ ಹೆಚ್ಚು. ಇವತ್ತು ಮೂವರು — ಲವೀನಾ, ಫ್ಯಾನಿ, ಹಿಂದಿನ ಸೀಟಿನಲ್ಲಿ ಲವೀನಾಳ ಮೊಮ್ಮಗಳು ರೂತ್. ಜೀನು ಮರ್ವಿನ್ನನ ಮಗಳು, ಹನ್ನೆರಡು ವರ್ಷ. ಕುದುರೆ ಜೀನು ಹೊಲಿಯುವುದರಿಂದ ಅವನನ್ನು ಎಲ್ಲರೂ ಹಾಗೇ ಕರೆಯುತ್ತಾರೆ.

ಎಲ್ಲಾ ಹೇಳಿದೆ. ಕುಡಿತ, ಕುದುರೆ, ಮಗು, ಜೈಲು. ಅಯ್ಯೋ ಪಾಪ ಎನ್ನುವ ದನಿಯಲ್ಲಿ.

ಲವೀನಾ, "ಯಾವ ವರ್ಷ?" ಎಂದಳು.

"ತೊಂಬತ್ತೊಂಬತ್ತು."

"ಯಾವ ಅಕ್ಷರ ಇತ್ತು?"

"ಬಿ ಅಂತ ಹಾಕಿದಾರೆ. ಟೈಪ್ ಮಾಡೋರ ತಪ್ಪು."

ಕನ್ನಡಿಯಲ್ಲಿ ಫ್ಯಾನಿ ಮೊಣಕಾಲು ನೀವಿಕೊಳ್ಳುತ್ತಿದ್ದಳು. ರೂತ್ ಅವರ ಭಾಷೆಯಲ್ಲಿ ಅಜ್ಜಿಯನ್ನು ಏನೋ ಕೇಳಿದಳು. ಲವೀನಾ ಒಂದೇ ಶಬ್ದ ಉತ್ತರ ಕೊಟ್ಟಳು. ಮತ್ತೆ ಪೇಟೆಯವರೆಗೆ ಟೈರಿನ ಸದ್ದು ಮಾತ್ರ. ಸುದ್ದಿ ಚೆನ್ನಾಗಿ ನಾಟಿದೆ ಎಂದುಕೊಂಡೆ. ಖುಷಿಯೂ ಆಯಿತು. ಬರೆದಿಡುತ್ತೇನೆ, ಖುಷಿಯಾಯಿತು.

ಏಪ್ರಿಲ್ 23, ಮಂಗಳವಾರ

ಮೆಸೇಜು. ಹೊಲದ ಬದಿಯ ಫೋನಿನ ಗೂಡಿನಿಂದ (ಇವರು ಮನೆಯೊಳಗೆ ಫೋನು ಇಡುವುದಿಲ್ಲ), ಲವೀನಾಳ ದನಿ. "ಇವತ್ತು ಬೇಡ ಗ್ಲೆಂಡಾ." ಕಾರಣ ಇಲ್ಲ. ಪೇಟೆಯಲ್ಲಿ ಮರ್ವಿನ್ ಟಿ.ಯ ವ್ಯಾನು ಕಂಡೆ. ತುಂಬಿ ತುಳುಕುತ್ತಿತ್ತು.

ಏಪ್ರಿಲ್ 27

ಮರ್ವಿನ್ ಟಿ. ಮನೆಗೇ ಬಂದ. ಜಗಳಕ್ಕೆ ಎಂದುಕೊಂಡು ಬಾಗಿಲ ಜಾಲರಿಯ ಒಳಗೇ ನಿಂತೆ. ಅವನು ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತ.

"ಕೋರ್ಟಲ್ಲಿ ಬಿ. ಗಿಂಗರಿಕ್ ಕೇಸು ತೆಗೆಸಿದ್ರಂತೆ."

"ನಿನ್ನ ಬಗ್ಗೆ ಅಂದ್ಕೊಂಡು—"

"ಅದು ಗೊತ್ತಾಯ್ತು. ನನ್ನದು ಬೇಕಾಗಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲ. ಇಂಡಿಯಾನಾದಲ್ಲಿ ಒಂದ್ಸಲ ಜೋರಾಗಿ ಓಡಿಸಿದ್ದಕ್ಕೆ ದಂಡದ ಚೀಟಿ ಹರಿದುಕೊಟ್ಟಿದ್ರು. ಅಷ್ಟೇ ನನ್ನ ಪುರಾಣ." ಆಮೇಲೆ ದನಿ ತಗ್ಗಿಸಿದ. "ಲವೀನಾ ತವರು ಯಾವುದು ಹೇಳಿ?"

ಬಾಂಟ್ರೇಗರ್. ಪ್ರತಿ ಆಗಸ್ಟ್‌ನಲ್ಲಿ ಬಾಂಟ್ರೇಗರ್ ಮನೆತನದ ಊಟಕ್ಕೆ ಅವಳನ್ನು ಕರೆದೊಯ್ಯುವವಳೇ ನಾನು. ಬಿ. ಲವೀನಾಳ ಮಗ, ಜೀನು ಮರ್ವಿನ್.

"ಆಗ ಅವನಿಗೆ ಹತ್ತೊಂಬತ್ತು. ದೀಕ್ಷೆ ಆಗಿರ್ಲಿಲ್ಲ, ಕದ್ದುಮುಚ್ಚಿ ಕಾರು ಇಟ್ಕೊಂಡಿದ್ದ. ಜೈಲಿಂದ ಬಂದು ಚರ್ಚಿನ ಸಭೆ ಮುಂದೆ ಮಂಡಿಯೂರಿ ಒಪ್ಕೊಂಡ. ಎಲ್ಲರೂ ಕ್ಷಮಿಸಿದ್ರು. ಕ್ಷಮಿಸಿದ ಮೇಲೆ ಮತ್ತೆ ಯಾರೂ ಆ ಮಾತು ಎತ್ತಲ್ಲ. ಊರಿಗೆಲ್ಲಾ ಗೊತ್ತು, ಊರಲ್ಲಿ ಯಾರೂ ಆಡಲ್ಲ. ರೂತ್‌ಗೆ ಮಾತ್ರ ಗೊತ್ತಿರ್ಲಿಲ್ಲ."

ಜೀನು ಮರ್ವಿನ್ ಎಂದು ಕರೆದು ಕರೆದು, ಅವನಿಗೂ ಒಂದು ಮನೆತನದ ಹೆಸರಿದೆ ಎಂಬುದೇ ನನಗೆ ಮರೆತಿತ್ತು. ಒಂದು ಮಗುವಿನ ಎದುರು ಅದರ ಅಪ್ಪನನ್ನು ಬೀದಿಗೆ ಎಳೆದೆ. ಇಂಥ ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 30

ಲವೀನಾಳ ಮನೆಗೆ ಹೋದೆ. ಹಿತ್ತಲಲ್ಲಿ ಬಟಾಣಿ ಬಿತ್ತುತ್ತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವಳು, "ಕ್ಷಮಿಸಿದೀನಿ," ಎಂದಳು.

"ನಾನಿನ್ನೂ ಕೇಳೇ ಇಲ್ಲ."

"ನೀನು ಕೇಳೋ ತನಕ ಕಾಯೋಕೆ ನಂಗೆಲ್ಲಿ ಪುರುಸೊತ್ತು? ಆ ಬುಟ್ಟಿ ಇತ್ಲಾಗೆ ಕೊಡು."

ಕೊಟ್ಟೆ. ಕೊಟ್ಟಿಗೆಯ ಬಾಗಿಲಲ್ಲಿ ಜೀನು ಮರ್ವಿನ್ ನಿಂತಿದ್ದ. ಎಂದಿನಂತೆ ಕೈ ಎತ್ತಿದ. ನನಗೆ ಕೈ ಎತ್ತಲಾಗಲಿಲ್ಲ. ಬೈದಿದ್ದರೆ ಒಂದು ಥರ ನೆಮ್ಮದಿಯಿತ್ತು, ತಿರುಗಿ ಅಳಬಹುದಿತ್ತು. ಇವರು ಅದಕ್ಕೂ ಎಡೆ ಕೊಡಲಿಲ್ಲ.

"ಮುಂದಿನ ಮಂಗಳವಾರ ಬಾ," ಎಂದಳು ಲವೀನಾ, ತಲೆಯೆತ್ತದೆ. "ರೂತ್ ಮುಂದಿನ ಸೀಟಲ್ಲಿ ಕೂರ್ತಾಳಂತೆ. ಅವರಪ್ಪ ತನ್ನ ತಪ್ಪು ಒಪ್ಕೊಂಡು ಹೇಳಿದಾನೆ. ಆದ್ರೂ ನಿನ್ನ ಒಂದು ಮಾತು ಕೇಳ್ಬೇಕಂತೆ."

ಏನು ಕೇಳುತ್ತಾಳೆ?

ಮೇ 7, ಮಂಗಳವಾರ

ಮನೆಗೆ ಬಂದ ಕೂಡಲೇ ಬರೆಯಲು ಕೂತೆ.

ರೂತ್ ಮುಂದೆ ಕೂತಳು. ಹಿಂದೆ ಲವೀನಾ, ಅವಳ ಪಕ್ಕ ಫ್ಯಾನಿ. ಸೇತುವೆ ಬಂತು. ರೂತ್ ನನ್ನ ಕಡೆ ತಿರುಗಿದಳು.

"ಆ ಗಾಡೀಲಿದ್ದ ಮಗು... ವಾಸಿಯಾಯ್ತಾ? ಅದನ್ನ ಬರೆದಿದ್ರಾ ಅಲ್ಲಿ? ಅಪ್ಪ ಆ ಮಗುವಿನ ವಿಷಯಕ್ಕೆ ಬಂದ್ರೆ ಎದ್ದು ಹೋಗಿಬಿಡ್ತಾನೆ."

ಎರಡು ಪುಟ. ನಾನು ಓದದೆ ಬಿಟ್ಟ ಎರಡು ಪುಟ. ಆ ಮಗುವಿನ ಹೆಸರೇನು, ಬದುಕಿತೇ ಸತ್ತಿತೇ — ನನಗೆ ಅದು ಬೇಕಾಗಿರಲೇ ಇಲ್ಲ.

"ಓದಲಿಲ್ಲ," ಎಂದೆ. "ನಾನು ಅದನ್ನ ಓದಲೇ ಇಲ್ಲ ಪುಟ್ಟಿ."

ಹಿಂದಿನಿಂದ ಫ್ಯಾನಿ ಮುಂದಕ್ಕೆ ಬಾಗಿ ರೂತ್‌ಳ ಭುಜದ ಮೇಲೆ ಕೈಯಿಟ್ಟಳು.

"ವಾಸಿಯಾಯ್ತು ಕಣೇ. ಮೋಡ ಕವಿದಾಗ ಈ ಮೊಣಕಾಲು ಸ್ವಲ್ಪ ಹಿಡ್ಕೊಳ್ಳುತ್ತೆ, ಅಷ್ಟೇ. ಈ ಬೂಟು ಹೊಲಿದುಕೊಟ್ಟಿದ್ದು ಯಾರು ಗೊತ್ತಾ? ನಿಮ್ಮಪ್ಪನೇ."

ಕನ್ನಡಿ ನೋಡುವ ಧೈರ್ಯವಾಗಲಿಲ್ಲ. ಪೇಟೆ ಬಂತು. ಸ್ಟೂಲು ತೆಗೆದುಕೊಂಡು ಇಳಿದೆ. ಹನ್ನೊಂದು ವರ್ಷದಿಂದ ಇಟ್ಟ ಹಾಗೇ ಇಟ್ಟೆ. ಫ್ಯಾನಿಯ ಎಡಗಾಲು ಅದರ ಮೇಲೆ ಬಂತು. ಬಗ್ಗಿದ್ದ ನನ್ನ ತಲೆಯ ಮೇಲೆ ಕೈಯೂರಿಕೊಂಡು ಅವಳು, "ಗ್ಲೆಂಡಾ, ಬರೋ ಮಂಗಳವಾರಾನೂ ಈ ಸ್ಟೂಲು ಮರೀಬೇಡ," ಎಂದಳು.