ತುಂಬಿದಾಗ ಬರ್ತೀನಿ

ಜನವರಿ 17

ಮತ್ತೆ ಅದೇ ಉತ್ತರ. "ತಮ್ಮ ಕಾರ್ಯ ಶ್ಲಾಘನೀಯ. ಆದರೆ ನಮ್ಮ ಪ್ರತಿಷ್ಠಾನವು ಹೊಸ ಕಾಮಗಾರಿಗಳಿಗೆ ಮಾತ್ರ ಧನಸಹಾಯ ನೀಡುತ್ತದೆ." ಈ ವಾರದಲ್ಲಿ ಇದು ಮೂರನೆಯದೋ ನಾಲ್ಕನೆಯದೋ. ಶ್ಲಾಘನೀಯ ಅನ್ನೋ ಪದ ಕಂಡರೆ ಈಗ ಮುಂದಕ್ಕೆ ಓದೋದೇ ಇಲ್ಲ.

ಅಕ್ಕ ಕಟ್ಟಿಸಿದ ಕೆರೆಯ ಏರಿಯಲ್ಲಿ, ನೀರು ಬಿಡೋ ತೂಬಿನ ಪಕ್ಕ, ಬಿರುಕು. ಹೋದ ಮಳೆಗಾಲದಲ್ಲಿ ಬಂದ ಅಷ್ಟಿಷ್ಟು ನೀರೂ ಅಲ್ಲೇ ಸೋರಿಹೋಯಿತು. ಹೂಳು ತೆಗೆದು ಬಿರುಕು ಮುಚ್ಚಿದರೆ ಮುಗೀತು. ಅಷ್ಟಕ್ಕೆ ಯಾರೂ ಇಲ್ಲ. ರಿಪೇರಿಗೆ ಬೋರ್ಡ್ ಹಾಕೋಕೆ ಆಗಲ್ಲವಲ್ಲ... 'ಈ ಬಿರುಕನ್ನು ಮುಚ್ಚಿಸಿದವರು ಇಂಥವರು' ಅಂತ ಯಾರು ಬರೆಸಿಕೊಳ್ತಾರೆ?

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ. "ಅವಳ ಕೆರೆ ಹೇಗಿದೆಯೇ?" ದಿನಾ ಕೇಳ್ತಾಳೆ, ಹಾಸ್ಟೆಲಿನಲ್ಲಿರೋ ಮಗಳ ಬಗ್ಗೆ ಕೇಳಿದ ಹಾಗೆ.

"ಇದೆ ಅಮ್ಮ, ಚೆನ್ನಾಗಿದೆ" ಅಂದೆ.

ಜನವರಿ 30

ಅಕ್ಕ ತೀರಿಹೋಗಿ ವರ್ಷ ಆಗ್ತಾ ಬಂತು. ಟೈರ್ ಅಂಗಡಿ ಮೇಲೆ ನಮ್ಮ ಸಂಸ್ಥೆಯ ಈ ಎರಡು ಕೋಣೆಯ ಆಫೀಸು, ಬಾಗಿಲ ಹಿಂದೆ ಅವಳ ಹೆಲ್ಮೆಟ್, ಒಂದು ಕಾಲು ಅಲ್ಲಾಡೋ ಅವಳ ಕುರ್ಚಿ — ಎಲ್ಲ ಇದ್ದ ಹಾಗೇ ಇದೆ. ಕುರ್ಚಿಯಲ್ಲಿ ನಾನು ಕೂರಲ್ಲ. ನಾನು ರಿಪೋರ್ಟ್ ಬರೀತಿದ್ದವಳು. ಊರೂರು ಸುತ್ತಿ, ಬೈದು, ನಗಿಸಿ, ಕೆರೆ ತೋಡೋಕೆ ಜನರನ್ನು ಗುಂಡಿಗಿಳಿಸುತ್ತಿದ್ದವಳು ಅವಳು. ಅಷ್ಟೂ ಊರವರಿಗೆ ಅವಳು ಅಕ್ಕ. ಹಾಗಾಗಿ ನಾನು ಚಿಕ್ಕಕ್ಕ.

ಕೆರೆ ಕಟ್ಟಿ ಮುಗಿಯೋ ದಿನ ತೂಬಿನ ಮೆಟ್ಟಿಲ ಹಸಿ ಸಿಮೆಂಟಿನ ಮೇಲೆ ಚಪ್ಪಲಿ ಕಾಲಿಟ್ಟುಬಿಟ್ಟಳು. ಮೇಸ್ತ್ರಿ ಹಣೆ ಚಚ್ಚಿಕೊಂಡ. "ಇರಲಿ ಬಿಡಪ್ಪ, ಫೌಂಡೇಶನ್‌ಗಳು ಬೋರ್ಡ್ ಹಾಕಿಸ್ತಾರೆ, ನಂದು ಇದೊಂದೇ" ಅಂದಳಂತೆ. ಮನೆಗೆ ಬಂದು ಅಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ಬಾ ತೋರಿಸ್ತೀನಿ ಅಂತ ಅಮ್ಮನನ್ನು ಎಷ್ಟು ಕರೆದಳು! "ಖಾಲಿ ಗುಂಡಿ ನೋಡೋಕೆ ನನ್ನ ಮಂಡಿ ಯಾಕೆ ಸವೆಸಲಿ? ತುಂಬಿದಾಗ ಬರ್ತೀನಿ" ಅಂದಳು ಅಮ್ಮ.

ತುಂಬಲೇ ಇಲ್ಲ. ಮಳೆ ಕೈಕೊಟ್ಟಿತು, ಆಮೇಲೆ ಬಿರುಕು, ಆಮೇಲೆ ಅಕ್ಕ.

ಫೆಬ್ರವರಿ 11

ಫಾರ್ಮ್ಯಾಟ್ ಸಾಹೇಬರು ಬಂದಿದ್ದರು. ಪ್ರತಿಷ್ಠಾನದ ಆಫೀಸರ್. ಹೆಸರಿಟ್ಟದ್ದು ಅಕ್ಕ. ಮನುಷ್ಯ ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಮೇಡಂ, ನಮ್ಮ ಫಾರ್ಮ್ಯಾಟಲ್ಲಿ ರಿಪೇರಿ ಅನ್ನೋ ಕಾಲಮ್ಮೇ ಇಲ್ಲ."

"ಕಾಲಮ್ ಇಲ್ಲ ಅಂತ ನೀರು ಸೋರೋದು ನಿಲ್ಲುತ್ತಾ ಸರ್?"

ನಕ್ಕರು. ಚಹಾ ಕುಡಿದರು. "ನೀವು ಕೇಳ್ತಿರೋದು ತೀರಾ ಸಣ್ಣ ಮೊತ್ತ ಬೇರೆ. ಅಷ್ಟಕ್ಕೆ ನಮ್ಮ ಆಡಿಟ್ ಖರ್ಚೇ ಜಾಸ್ತಿ ಆಗುತ್ತೆ." ಕಮ್ಮಿ ಕೇಳಿದ್ದೇ ತಪ್ಪಾಯಿತು ನೋಡಿ.

ಹೊರಡುವಾಗ ಮೆಟ್ಟಿಲ ಹತ್ತಿರ ನಿಂತರು. ದನಿ ತಗ್ಗಿಸಿ — "ಆ ಜಾಗದಲ್ಲಿ ಏನಾದ್ರೂ ಇದ್ರೆ ಅದು ರಿಪೇರಿ. ಏನೂ ಇಲ್ದಿದ್ರೆ ಹೊಸ ಕೆರೆ. ಹೊಸ ಕೆರೆಗೆ ನಾನೇ ಬರೆದು ಕಳಿಸ್ತೀನಿ. ಖಾಲಿ ಜಾಗದ ಒಂದು ಫೋಟೋ ಸಾಕು. ಯೋಚನೆ ಮಾಡಿ."

ಫೆಬ್ರವರಿ 12

ಯೋಚನೆ ಮಾಡಲ್ಲ.

ಫೆಬ್ರವರಿ 27

ಅದನ್ನು ಬಿಟ್ಟು ಬೇರೇನೂ ಯೋಚನೆ ಮಾಡಿಲ್ಲ.

ಇವತ್ತು ಕೆರೆಯ ಊರಿಗೆ ಹೋಗಿದ್ದೆ. ಶಾಲೆಯ ಜಗಲಿಯಲ್ಲಿ ನೀರು ಸಮಿತಿ ಸೇರಿತ್ತು, ಹೆಂಗಸರೇ ಎಲ್ಲ. ಅರ್ಧ ಜನ ಟ್ಯಾಂಕರಿಗೆ ಕೊಡ ಸಾಲಿಗಿಟ್ಟು ಬಂದವರು, ಕಿವಿ ನನ್ನ ಕಡೆ, ಕಣ್ಣು ರಸ್ತೆ ಕಡೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ರಿಪೇರಿಗೆ ದುಡ್ಡಿಲ್ಲ. ಒಡೆದರೆ ಹೊಸದಕ್ಕೆ ಉಂಟು.

ತಲೆ ಮೇಲೆ ಬುಟ್ಟಿ ಹೊತ್ತು ಆ ಮಣ್ಣು ಹಾಕಿದವರು ಅವರೇ. ಕೊನೆಗೆ ಸಮಿತಿಯ ಹಿರಿಯಳು, ಎಲ್ಲರೂ ದೊಡ್ಡಮ್ಮ ಅನ್ನುವಾಕೆ, ಬಾಯಿ ಬಿಟ್ಟಳು.

"ಚಿಕ್ಕಕ್ಕ, ಅಕ್ಕ ಇದ್ದಿದ್ರೆ ಏನು ಮಾಡ್ತಿದ್ರು?"

"ಬೈತಿದ್ಲು."

"ಯಾರನ್ನ?"

"ಎಲ್ಲರನ್ನೂ."

ಒಂದಿಷ್ಟು ನಗು. "ಸರಿ, ಬೈದು ಆದ್ಮೇಲೆ?"

ನಾನು ಕೈಯಲ್ಲಿದ್ದ ಫೈಲು ಮುಚ್ಚಿದೆ.

"ಬೈದು ಆದ್ಮೇಲೆ ಅವರೇ ಗುದ್ದಲಿ ತಗೋತಿದ್ರು" ಅಂದಳು ದೊಡ್ಡಮ್ಮ. ಅಷ್ಟರಲ್ಲಿ ಟ್ಯಾಂಕರ್ ಬಂತು, ಎಲ್ಲ ಎದ್ದು ಓಡಿದರು. ಮೀಟಿಂಗ್ ಮುಗಿದದ್ದು ಹಾಗೆ.

ಮಾರ್ಚ್ 8

ಒಡೆಯೋಕೆ ಸಮಿತಿ ಹೂಂ ಅಂದಿದೆ, ಆದರೆ ಆಫೀಸಿನ ಲೆಕ್ಕದವರಿಗೆ ಇದು ಇಷ್ಟವಿಲ್ಲ. "ಮಂಜೂರಾತಿ ಪತ್ರ ಕೈಗೆ ಬರಲಿ ಮೇಡಂ. ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ?" ಫೋಟೋ ಇಲ್ಲದೆ ಪತ್ರ ಬರಲ್ಲ, ಪತ್ರ ಇಲ್ಲದೆ ಒಡೀಬಾರದು. ಹೀಗೇ ಕೂತರೆ ಮಳೆ ಬಂದುಬಿಡುತ್ತೆ. ಈಗ ಒಡೆದರೆ ಮಳೆಗೆ ಮುಂಚೆ ಹೊಸ ಏರಿ ಎದ್ದಿರುತ್ತೆ. ಫಾರ್ಮ್ಯಾಟ್ ಸಾಹೇಬರು ಫೋನಿನಲ್ಲಿ "ಆಗೇ ಆಗುತ್ತೆ" ಅಂದಿದ್ದಾರೆ.

ಅಕ್ಕಾ, ಒಂದು ಮಾತು ಹೇಳೇ. ಬೈದಾದರೂ ಹೇಳು.

ಮಾರ್ಚ್ 21, ಸಂಜೆ

ಆಯಿತು.

ಒಂದು ಬೇಸಿಗೆಯೆಲ್ಲ ಊರೇ ನಿಂತು ಕಟ್ಟಿದ್ದನ್ನು ಜೆಸಿಬಿ ಊಟದ ಹೊತ್ತಿಗೆ ಮುಗಿಸಿತು. ಹೆಂಗಸರು ದಡದಲ್ಲಿ ಕೂತು ನೋಡಿದರು. ಒಬ್ಬಳು ಬೆನ್ನು ತಿರುಗಿಸಿ ಕೂತಳು.

ತೂಬಿನ ಹತ್ತಿರ ಮೇಸ್ತ್ರಿ ಯಂತ್ರ ನಿಲ್ಲಿಸಿಬಿಟ್ಟ. "ಇದೊಂದನ್ನ ಒಡೆಯೋಕೆ ನನ್ನ ಕೈಲಾಗಲ್ಲ ಮೇಡಂ." ಉಳಿ ಹಿಡಿದು ಚಪ್ಪಲಿ ಗುರುತಿನ ಸುತ್ತ ಬಿಡಿಸಿ, ಚಪ್ಪಡಿಯನ್ನು ಇಡಿಯಾಗಿ ತೆಗೆದುಕೊಟ್ಟ. ಹೊಸ ತೂಬಿಗೆ ಇದೇ ಮೊದಲ ಮೆಟ್ಟಿಲಂತೆ. ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ಮುಂದೆ ನಿಂತು ಬರ್ತಿದ್ದಾಳೆ ಅನ್ನಿಸಿತು. ರಸ್ತೆ ಬದಿಗೆ ನಿಲ್ಲಿಸಿ ಅತ್ತೆ. ಈಗ ಅದು ಆಫೀಸಿನಲ್ಲಿ, ಹೆಲ್ಮೆಟ್ಟಿನ ಕೆಳಗೆ, ಗೋಡೆಗೆ ಮುಖ ಮಾಡಿಕೊಂಡು ಇದೆ.

ಫೋಟೋ ಕಳಿಸಿದೆ. ಕೂಡಲೇ ಉತ್ತರ. "ಥ್ಯಾಂಕ್ಸ್ ಮೇಡಂ. ತುಂಬಾ ಚೆನ್ನಾಗಿ ಬಂದಿದೆ."

ಅಮ್ಮನಿಗೆ ಹೇಳಿಲ್ಲ.

ಏಪ್ರಿಲ್ 14

ಸಾಹೇಬರಿಗೆ ಫೋನ್. ಬೋರ್ಡ್ ಮೀಟಿಂಗ್ ಮುಂದಕ್ಕೆ ಹೋಗಿದೆ.

ಅಮ್ಮ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಳು. ಎರಡು ಹತ್ತೋದು, ಕಂಬಿ ಹಿಡಿದು ಉಸಿರು ಬಿಡೋದು, ಇಳಿಯೋದು. ಏನಮ್ಮ ಇದು ಅಂದೆ.

"ಪ್ರಾಕ್ಟೀಸು. ಈ ಸಲ ಮಳೆ ಚೆನ್ನಾಗಿದೆ ಅಂತ ರೇಡಿಯೋದಲ್ಲಿ ಹೇಳಿದ್ರು. ಏರಿ ಹತ್ತಬೇಕಲ್ಲ!"

ಆಗ ಹೇಳಬಹುದಿತ್ತು. "ಕಂಬಿ ಬಿಡಬೇಡ" ಅಂದು ಬಸ್ಸಿಗೆ ಓಡಿದೆ.

ಮೇ 6

ಮೀಟಿಂಗ್ ಆಯಿತಂತೆ. ಫಾರ್ಮ್ಯಾಟ್ ಸಾಹೇಬರು ತಾವೇ ಫೋನ್ ಮಾಡಿದರು, ದನಿ ಕೇಳಿದಾಗಲೇ ಗೊತ್ತಾಯಿತು. ಹೊಸ ಟ್ರಸ್ಟಿಗಳು, ಹೊಸ ಥೀಮ್. ಈ ವರ್ಷ ಕಟ್ಟಡ ಕೆಲಸ ಇಲ್ಲ, ನೀರಿನ ಬಗ್ಗೆ ಜಾಗೃತಿ ಮಾತ್ರ. ಪೋಸ್ಟರ್, ವಿಡಿಯೋ, ಬೀದಿ ನಾಟಕ. "ಬೇಕಿದ್ರೆ ನಿಮ್ಮ ಊರಲ್ಲೇ ಒಂದು ನಾಟಕ—"

"ಏನಂತ ನಾಟಕ ಸರ್? ಇದ್ದ ಕೆರೆ ಒಡೆಯೋದು ಹೇಗೆ ಅಂತಾನಾ?"

ನಾಟಕದ ಮಾತು ಅಲ್ಲಿಗೇ ಬಿಟ್ಟರು. ಆಮೇಲೆ, "ನನ್ನ ಕೈಲಿಲ್ಲ ಮೇಡಂ. ನನ್ನ ಮಾತು ನಂಬಿ ನೀವು... ಕ್ಷಮಿಸಿ." ಅಳ್ತಿದ್ದರೇನೋ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿ ಪಾಪದವನು, ತಕರಾರು ದೇವರದ್ದೇ.

ಲೆಕ್ಕದವರು "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೇ 9

ದೊಡ್ಡಮ್ಮನಿಗೆ ತಿಳಿಸಿದೆ. "ಅಯ್ಯೋ" ಅಂದಳು. ಆಮೇಲೆ, "ನೀವು ಊಟ ಮಾಡಿದ್ರಾ ಚಿಕ್ಕಕ್ಕ?"

ನಾವೇ ಮರಳು ಚೀಲ ಪೇರಿಸ್ತೀವಿ, ಆದಷ್ಟು ನೀರು ನಿಲ್ಲಲಿ ಅಂದಳು. ಚೀಲ ಕೊಡಿಸಿ ಕಳಿಸಿದೆ. ಮೇಸ್ತ್ರಿ ಕೂಲಿ ಬೇಡ ಅಂದನಂತೆ.

ದೇವರೇ, ಮಳೆ ತಡವಾಗಲಿ. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು, ಹೀಗೆ ಬೇಡಿಕೊಳ್ಳೋ ದಿನ ಬಂತು ನನಗೆ.

ಮೇ 24, ಬೆಳಿಗ್ಗೆ

ಮಳೆ.

ನಸುಕಿನಿಂದ ಸುರೀತಿದೆ. ಹನಿ ಅಲ್ಲ, ಕೊಡ ಬಗ್ಗಿಸಿದ ಹಾಗೆ. ರಸ್ತೆಯಲ್ಲಿ ಜನ ನೆನೀತಾ ನಗ್ತಿದ್ದಾರೆ. ಕೆಳಗಿನ ಮನೆಯವರು ಬಕೆಟ್ಟು, ಪಾತ್ರೆ, ಮಗುವಿನ ತೊಟ್ಟಿ, ಸಿಕ್ಕಿದ್ದೆಲ್ಲ ಹೊರಗಿಟ್ಟಿದ್ದಾರೆ. ಅಕ್ಕ ಕಾದು ಕಾದು ಹೋದ ಮಳೆ. ಸರಿಯಾಗಿ ಅಂಥದ್ದೇ.

ದೊಡ್ಡಮ್ಮನ ಫೋನ್. ಮಾತಿಲ್ಲ, ಬರೀ ಭೋರ್ಗರೆತ. ಫೋನನ್ನು ನೀರಿನ ಕಡೆ ಹಿಡಿದಿದ್ದಳು. ಆಮೇಲೆ ಕೂಗಿದಳು — "ಕೇಳಿಸ್ತಾ ಚಿಕ್ಕಕ್ಕ? ಚೀಲ ಒಂದೂ ನಿಲ್ಲಲಿಲ್ಲ. ಎಲ್ಲ ಹರ್ಕೊಂಡು ಹೋಗ್ತಿದೆ. ಎಷ್ಟೊಂದು ನೀರು... ಹಳೇ ಏರಿ ಇದ್ದಿದ್ರೆ ಸೋರಿದ್ರೂ ಅರ್ಧ ಆದ್ರೂ ನಿಲ್ತಿತ್ತು." ಅಂದುಬಿಟ್ಟು ಗಾಬರಿಯಾದಳು. "ನೀವು ಬೇಜಾರು ಮಾಡ್ಕೋಬೇಡಿ. ನಾವೇ ಹೂಂ ಅಂದಿದ್ದಲ್ವಾ." ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಅಕ್ಕ ಯಾವಾಗಲೂ ಅನ್ನೋಳು. ಇದ್ದ ಹಲ್ಲು ಕಿತ್ತವಳು ನಾನೇ.

ಅಡುಗೆಮನೆಯಲ್ಲಿ ಕೂತು ಇದನ್ನು ಬರೀತಿದ್ದೀನಿ. ಹೊರಗಿನ ಕೋಣೆಯಲ್ಲಿ ಸದ್ದು. ಅಮ್ಮ ಎದ್ದಿದ್ದಾಳೆ. ಬೀರು ತೆಗೆದಳು, ಏನೋ ಕೆಳಗೆ ಬಿತ್ತು.

ಬಂದು ನಿಂತಿದ್ದಾಳೆ. ತಲೆ ಬಾಚಿಕೊಂಡು, ಕೈಚೀಲ ಹಿಡಿದು, ಕಂಕುಳಲ್ಲಿ ಕೊಡೆ. ಮಂಡಿಗೆ ಬೆಲ್ಟ್ ಕಟ್ಟಿದ್ದಾಳೆ. ಕಾಲಲ್ಲಿ ಅಕ್ಕನ ಚಪ್ಪಲಿ.

"ಬರೆದಿದ್ದು ಸಾಕು, ಏಳೇ. ಇಷ್ಟು ಮಳೆಗೆ ತುಂಬೇ ತುಂಬಿರುತ್ತೆ. ಇದನ್ನ ಹಾಕ್ಕೊಂಡೇ ಬರ್ತೀನಿ. ಆ ಗುರುತಿನ ಮೇಲೆ ಕಾಲಿಟ್ಟು ನಿಂತು ನೋಡ್ತೀನಿ, ಅವಳು ನಿಂತ ಜಾಗದಲ್ಲೇ."

ಹಿಮ್ಮಡಿ ಸವೆದಿದೆ ಆ ಚಪ್ಪಲಿಯದ್ದು, ಎಡಗಡೆ. ಗುರುತಿನಲ್ಲೂ ಹಾಗೇ ಇದೆ. ಅಮ್ಮ ನನ್ನ ಮುಖ ನೋಡ್ತಿದ್ದಾಳೆ. ಯಾಕೇ, ಏನಾಯ್ತೇ ಅಂತಿದ್ದಾಳೆ. ಹೇಳಬೇಕು. ಅಮ್ಮ, ಅಲ್ಲಿ ಈಗ ಏನೂ